ಆಕೆಯ ದಿನಚರಿ ಮೊದಲು, ಕೊಲೆ ಆಮೇಲೆ

ಮಗಳೇ,

ಸಣ್ಣ ಊರಿನ ವಿಧವೆಯೊಬ್ಬಳು ಕೊಲೆಯ ಜಾಡು ಹಿಡಿಯುವ ಕಾದಂಬರಿ ಬರೆಯಲು ಕೂತಿದ್ದೀಯ ಎಂದು ನಿಮ್ಮಮ್ಮ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನೀನು ಕಳಿಸಿದ ಟಿಪ್ಪಣಿಯನ್ನೂ ಓದಿದೆ. ವಿಷ ಯಾವುದು, ಅದು ಲೋಟಕ್ಕೆ ಹೇಗೆ ಬಿತ್ತು, ಒಳಗಿನಿಂದ ಚಿಲಕ ಹಾಕಿದ್ದ ಕೋಣೆಯಿಂದ ಕೊಲೆಗಾರ ಹೇಗೆ ಹೊರಬಿದ್ದ ಎಂಬುದನ್ನೆಲ್ಲ ಪುಟಗಟ್ಟಲೆ ಬರೆದಿದ್ದೀಯ. ಆಕೆಯ ಬಗ್ಗೆ ಮಾತ್ರ ಒಂದೇ ಸಾಲು: ವಿಧವೆ, ಚುರುಕು ಬುದ್ಧಿಯವಳು. ನನಗೆ ಕಸಿವಿಸಿಯಾದದ್ದು ಅಲ್ಲೇ. ಆಕೆ ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೆ, ಮನೆಖರ್ಚಿಗೆ ದುಡ್ಡು ಎಲ್ಲಿಂದ ಬರುತ್ತದೆ, ಗಂಡನ ಅಂಗಿಗಳನ್ನು ಯಾರಿಗಾದರೂ ಕೊಟ್ಟಳೋ ಇನ್ನೂ ಬೀರುವಿನಲ್ಲೇ ಇವೆಯೋ, ಇದೆಲ್ಲ ನಿನಗೆ ಗೊತ್ತಾಗುವವರೆಗೆ ಕೊಲೆಯ ತಂಟೆಗೆ ಹೋಗಬೇಡ.

ನೀನು ಮತ್ತೆ ಮತ್ತೆ ನೋಡುವ ‘ಮರ್ಡರ್, ಶೀ ರೋಟ್’ ಧಾರಾವಾಹಿಯನ್ನೇ ತೆಗೆದುಕೋ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1984ರ ಸೆಪ್ಟೆಂಬರ್ 30ರಂದು ಶುರುವಾಗಿ 1996ರ ಮೇ ತಿಂಗಳಲ್ಲಿ ಮುಗಿಯಿತು. ಒಟ್ಟು 264 ಕಂತುಗಳು. ಅದನ್ನು ರೂಪಿಸಿದ ಮೂವರಲ್ಲಿ ರಿಚರ್ಡ್ ಲೆವಿನ್ಸನ್, ವಿಲಿಯಂ ಲಿಂಕ್ ಇಬ್ಬರೂ ಅದಕ್ಕೆ ಮೊದಲೇ ‘ಕೊಲಂಬೊ’ ಸೃಷ್ಟಿಸಿದವರು; ಒಗಟು ಕಟ್ಟುವುದರಲ್ಲಿ ಪಳಗಿದ ಕೈ. ಮೂರನೆಯವರು ಪೀಟರ್ ಫಿಷರ್. ಇಷ್ಟು ನುರಿತವರೂ ಮೊದಲ ಕಂತಿನಲ್ಲಿ ಆತುರಪಡಲಿಲ್ಲ. ಜೆಸಿಕಾ ಫ್ಲೆಚರ್ ಮೇನ್ ರಾಜ್ಯದ ಕರಾವಳಿಯಲ್ಲಿರುವ ಕ್ಯಾಬಟ್ ಕೋವ್ ಎಂಬ ಊರಿನ ಇಂಗ್ಲಿಷ್ ಟೀಚರ್. ಗಂಡ ಫ್ರ್ಯಾಂಕ್ ತೀರಿಕೊಂಡಿದ್ದಾನೆ. ಹೆತ್ತ ಮಕ್ಕಳಿಲ್ಲ, ಸಾಕಿ ಬೆಳೆಸಿದ ಗ್ರೇಡಿ ಊರಲ್ಲಿಲ್ಲ. ಹೊತ್ತು ಹೋಗಲೆಂದು ಒಂದು ಪತ್ತೇದಾರಿ ಕಾದಂಬರಿ ಟೈಪ್ ಮಾಡಿ ಎತ್ತಿಟ್ಟಿದ್ದಾಳೆ. ಅವಳಿಗೆ ಗೊತ್ತಿಲ್ಲದ ಹಾಗೆ ಗ್ರೇಡಿ ಅದನ್ನು ಪ್ರಕಾಶಕರಿಗೆ ಮುಟ್ಟಿಸುತ್ತಾನೆ, ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಗುತ್ತದೆ, ನ್ಯೂಯಾರ್ಕಿನಿಂದ ಕರೆ ಬರುತ್ತದೆ. ಕೊಲೆಯಾಗುವುದು ಇದೆಲ್ಲ ಆದಮೇಲೆ. ಅಷ್ಟರೊಳಗೆ ಅವಳು ನಮಗೆ ಬೇಕಾದವಳಾಗಿರುತ್ತಾಳೆ. ಗ್ರೇಡಿಯ ಮೇಲೆ ಆಪಾದನೆ ಬಂದಾಗ ಅವಳಿಗಾಗುವ ಸಂಕಟ ನಮಗೂ ಆಗುತ್ತದೆ.

ಇನ್ನೊಂದು ಸಂಗತಿ ಗಮನಿಸು. ಜೆಸಿಕಾ ಕಾರು ಓಡಿಸುವುದಿಲ್ಲ. ಊರೊಳಗೆ ಸೈಕಲ್ಲು, ಇಲ್ಲವೇ ಕಾಲ್ನಡಿಗೆ; ದೂರ ಹೋಗಬೇಕೆಂದರೆ ಯಾರಾದರೂ ಹತ್ತಿಸಿಕೊಂಡು ಹೋಗಬೇಕು. ನೋಡುವುದಕ್ಕೆ ಇದೊಂದು ಸಣ್ಣ ವಿಚಿತ್ರ ಅಷ್ಟೇ ಅನ್ನಿಸಬಹುದು. ಆದರೆ ಇಡೀ ಪತ್ತೇದಾರಿಕೆಗೆ ದಾರಿ ಮಾಡಿಕೊಡುವುದೇ ಅದು. ನಡೆದು ಹೋಗುವವಳು ಬೇಲಿಯ ಮೇಲೆ ಒಣಹಾಕಿದ ಬಟ್ಟೆ ನೋಡುತ್ತಾಳೆ, ನಿನ್ನೆ ತೆರೆದಿದ್ದ ಕಿಟಕಿ ಇವತ್ತು ಮುಚ್ಚಿರುವುದನ್ನು ನೋಡುತ್ತಾಳೆ. ಇನ್ನೊಬ್ಬರ ಗಾಡಿಯಲ್ಲಿ ಕೂತವಳ ಮುಂದೆ ಓಡಿಸುವವರು ಮಾತಾಡಿಯೇ ಆಡುತ್ತಾರೆ. ಪೊಲೀಸ್ ಠಾಣೆಯಲ್ಲಿ ಬಾಯಿ ಬಿಡದವರು ಅಲ್ಲಿ ಬಿಡುತ್ತಾರೆ. ನಿನ್ನ ನಾಯಕಿಗೂ ಇಂಥದ್ದೊಂದು ಕೊರತೆ ಕೊಡು. ಆ ಕೊರತೆಯೇ ಆಕೆಯನ್ನು ಜನರ ನಡುವೆ ಕರೆದೊಯ್ಯಬೇಕು.

ಈಗ ಮುಖ್ಯವಾದ ಮಾತು. ನೀನು ಸಣ್ಣವಳು, ನಿನಗೆ ಇದು ಅನುಭವದಿಂದ ತಿಳಿದಿರಲಾರದು, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ದೊಡ್ಡಪ್ಪ ಹೋದಮೇಲೆ ನಾನು ಎದುರಿಗೇ ಕೂತಿದ್ದರೂ ಜನ ನಾನಿಲ್ಲದ ಹಾಗೆ ಮಾತಾಡತೊಡಗಿದರು. ಆಸ್ತಿ ಪಾಲಿನ ಮಾತು, ಯಾರದೋ ಮನೆಯ ಸೊಸೆಯ ಮಾತು, ಸಾಲದ ಮಾತು. ಮದುವೆಮನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತವಳ ಕಿವಿಗೆ ಬೀಳುವಷ್ಟು ಸುದ್ದಿ ಮುಂದಿನ ಸಾಲಿನವರಿಗೆ ಬೀಳುವುದಿಲ್ಲ. ಲೋಕ ಯಾರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೋ ಅವರ ಮುಂದೆ ಲೋಕ ತನ್ನ ಗುಟ್ಟನ್ನೂ ಮುಚ್ಚುವುದಿಲ್ಲ. ವಿಧವೆ ಪತ್ತೇದಾರಳ ಶಕ್ತಿ ಇರುವುದು ಇಲ್ಲಿ. ಅವಳ ಬುದ್ಧಿ ಮೊದಲಿನಷ್ಟೇ ಇದೆ. ಅವಳ ಸುತ್ತ ಇರುವವರು ಎಚ್ಚರ ತಪ್ಪಿದ್ದಾರೆ. ಇದನ್ನು ನೀನು ಹಿಡಿದರೆ ಸುಳಿವುಗಳಿಗಾಗಿ ತಿಣುಕಬೇಕಾಗಿಲ್ಲ. ಆಕೆ ಎಲ್ಲಿ ಕೂತಿದ್ದಳು, ಯಾರು ಅವಳನ್ನು ಗಮನಿಸಲಿಲ್ಲ ಎಂದು ಕೇಳಿಕೋ, ಸಾಕು.

ನಮ್ಮಲ್ಲಿ ಇದಕ್ಕೆ ಇನ್ನೂ ಆಳವಿದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದ್ದೀಯಲ್ಲ? ಎಳೆತನದಲ್ಲೇ ವಿಧವೆಯಾದ ಮಲೆನಾಡಿನ ಆ ಹೆಣ್ಣುಮಗಳು ಯಾವ ಕೊಲೆಯನ್ನೂ ಪತ್ತೆ ಹಚ್ಚಲಿಲ್ಲ. ಆದರೆ ತನ್ನ ಸುತ್ತಲಿನ ಮನೆಗಳ ಒಳಗೇನು ನಡೆಯುತ್ತದೆ ಎಂಬುದು ಆಕೆಗೆ ಗೊತ್ತಿದ್ದಷ್ಟು ಇನ್ಯಾರಿಗೆ ಗೊತ್ತಿತ್ತು? ಕ್ಯಾಬಟ್ ಕೋವ್‌ನಲ್ಲಿ ಜೆಸಿಕಾಗೆ ಆರತಿಯಿಂದ ದೂರ ನಿಲ್ಲುವ ಪ್ರಸಂಗ ಬರುವುದಿಲ್ಲ, ಎದುರಿಗೆ ಬಂದಳೆಂದು ಯಾರೂ ಹೊರಟ ಕೆಲಸ ನಿಲ್ಲಿಸುವುದಿಲ್ಲ. ನಿನ್ನ ಕಥೆ ನಮ್ಮ ಕಡೆಯ ಊರಿನಲ್ಲಿ ನಡೆಯುವುದಾದರೆ ಆ ನೋವನ್ನು ಬಿಟ್ಟು ಬರೆಯಲಾಗದು. ಅದನ್ನೇ ಎತ್ತಿ ಆಡಿ ಓದುಗರನ್ನು ಅಳಿಸಲೂ ಬೇಡ. ಇದು ನೆಮ್ಮದಿ ಕೊಡುವ ಬಗೆಯ ಕಥೆ. ಊರಿನವರು ಮಾಡುವ ಸಣ್ಣ ಅವಮಾನವೊಂದು ಒಂದು ಕಡೆ ಬಂದು ಹೋಗಲಿ, ಆಕೆ ಅದನ್ನು ನುಂಗಿಕೊಂಡು ಅಲ್ಲೇ ಒಂದು ಸುಳಿವನ್ನೂ ಕಂಡುಕೊಳ್ಳಲಿ.

ಜೆಸಿಕಾಳ ಪಾತ್ರ ಮಾಡಿದ ಆಂಜೆಲಾ ಲ್ಯಾನ್ಸ್‌ಬರಿ ಅವರ ಬದುಕಿನ ಒಂದು ವಿಷಯ ನನ್ನ ಮನಸ್ಸಿನಲ್ಲಿ ನಿಂತಿದೆ. ಅವರು ಲಂಡನ್ನಿನಲ್ಲಿ 1925ರಲ್ಲಿ ಹುಟ್ಟಿದರು; ಒಂಬತ್ತು ವರ್ಷದವರಿದ್ದಾಗ ತಂದೆ ತೀರಿಕೊಂಡರು. ತಾಯಿ ಮೊಯ್ನಾ ಮ್ಯಾಕ್‌ಗಿಲ್ ನಟಿ. ಲಂಡನ್ ಮೇಲೆ ಬಾಂಬು ಬೀಳುತ್ತಿದ್ದ 1940ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಬಂದ ಹೆಂಗಸು ಆಕೆ. ಅಂದರೆ ಗಂಡನಿಲ್ಲದ ಮನೆಯನ್ನು ಒಬ್ಬಳೇ ನಡೆಸುವುದೆಂದರೇನು ಎಂಬುದನ್ನು ಲ್ಯಾನ್ಸ್‌ಬರಿ ಹುಡುಗಿಯಾಗಿದ್ದಾಗಲೇ ಕಂಡಿದ್ದರು. ಜೆಸಿಕಾ ಬಾಗಿಲು ತೆಗೆಯುವ ರೀತಿ, ಅಡುಗೆಮನೆಯಲ್ಲಿ ಕೆಟಲ್ ಇಡುವ ರೀತಿ, ಒಬ್ಬಳೇ ಇದ್ದರೂ ಅಚ್ಚುಕಟ್ಟಾಗಿ ಇರುವ ರೀತಿಯಲ್ಲಿ ಆ ತಿಳಿವಳಿಕೆ ಇದೆ ಎಂದೇ ನನ್ನ ನಂಬಿಕೆ. ಧಾರಾವಾಹಿ ಶುರುವಾದಾಗ ಅವರಿಗೆ ಐವತ್ತೆಂಟು, ಮುಗಿದಾಗ ಎಪ್ಪತ್ತು. ಆ ಪಾತ್ರಕ್ಕಾಗಿ ಎಮ್ಮಿ ಪ್ರಶಸ್ತಿಗೆ ಹನ್ನೆರಡು ಸಲ ಹೆಸರು ಹೋಗಿ ಒಂದು ಸಲವೂ ಬರಲಿಲ್ಲ. ಅದು ಅನ್ಯಾಯವೆಂದೇ ಇವತ್ತಿಗೂ ನನ್ನ ಅನಿಸಿಕೆ. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ತೊಂಬತ್ತಾರು ವರ್ಷ.

ಅವರೇ 1980ರಲ್ಲಿ ‘ದಿ ಮಿರರ್ ಕ್ರ್ಯಾಕ್ಡ್’ ಸಿನಿಮಾದಲ್ಲಿ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಆಗಿದ್ದರು. ನಿನ್ನ ಟಿಪ್ಪಣಿಯಲ್ಲಿ ಮಾರ್ಪಲ್ ಮತ್ತು ಜೆಸಿಕಾ ಒಬ್ಬರಲ್ಲೊಬ್ಬರು ಕಲೆತುಹೋಗಿದ್ದಾರೆ, ಬೇರೆ ಮಾಡು. ಮಾರ್ಪಲ್ ಮದುವೆಯಾಗದವಳು, ಸೇಂಟ್ ಮೇರಿ ಮೀಡ್ ಎಂಬ ಹಳ್ಳಿಯಲ್ಲಿ ಹೆಣಿಗೆ ಹೆಣೆಯುತ್ತ, ಮನುಷ್ಯರನ್ನು ಒಂದಿಷ್ಟು ದೂರದಿಂದ ನೋಡಿ ಅಳೆಯುತ್ತಾಳೆ. ಯಾರನ್ನೂ ಪೂರ್ತಿ ನಂಬುವುದಿಲ್ಲ. ಜೆಸಿಕಾ ಒಂದು ಒಳ್ಳೆಯ ದಾಂಪತ್ಯ ಕಂಡು ಬಂದವಳು, ಆದ್ದರಿಂದ ಜನರ ಮೇಲೆ ಅವಳಿಗೆ ಮೊದಲು ನಂಬಿಕೆ, ಆಮೇಲೆ ಅನುಮಾನ. ಆ ನಂಬಿಕೆಗೆ ಅವಳು ಬೆಲೆಯನ್ನೂ ತೆರುತ್ತಾಳೆ. ಮೊದಲ ಕಂತಿನಲ್ಲೇ ಪ್ರಕಾಶಕ ಪ್ರೆಸ್ಟನ್ ಗೈಲ್ಸ್ ಮೇಲೆ ಅವಳಿಗೆ ಮನಸ್ಸಾಗುತ್ತದೆ. ಗಂಡ ಹೋದಮೇಲೆ ಮನಸ್ಸು ಅರಳಿದ ಹೊತ್ತು ಅದು. ಕೊನೆಗೆ ಕೊಲೆಗಾರ ಅವನೇ. ಅವನೆದುರು ನಿಂತು ಅದನ್ನು ಅವಳೇ ಹೇಳಬೇಕಾಗುತ್ತದೆ. ಅದನ್ನು ನೋಡುವಾಗ ಇದು ಹಗುರವಾದ ಕಥೆ ಎಂದು ಯಾರೂ ಅನ್ನಲಾರರು. ನಿನ್ನ ನಾಯಕಿಗೆ ಕೊನೆಯ ಅಧ್ಯಾಯದಲ್ಲಿ ಇನ್‌ಸ್ಪೆಕ್ಟರ್ ಜೊತೆ ಮದುವೆ ಗೊತ್ತುಮಾಡಿದ್ದೀಯ. ದಯವಿಟ್ಟು ಅಷ್ಟು ಬೇಗ ಆಕೆಯ ಮನೆಯನ್ನು ತುಂಬಿಸಬೇಡ. ಆಸೆ ಹುಟ್ಟಲಿ, ಅದು ಆಕೆಯ ಹಕ್ಕು; ಆದರೆ ಒಂಟಿ ಹೆಂಗಸಿನ ಬದುಕನ್ನು ಸರಿಪಡಿಸಬೇಕಾದ ತಪ್ಪು ಎಂಬಂತೆ ನೋಡಬೇಡ.

ದುಡ್ಡಿನ ವಿಷಯವನ್ನೂ ಮರೆಯಬೇಡ. 1864ರಲ್ಲಿ ಲಂಡನ್ನಿನಲ್ಲಿ ಬಂದ ಕಥಾಸಂಕಲನವೊಂದರಲ್ಲಿ ಮಿಸೆಸ್ ಪ್ಯಾಸ್ಕಲ್ ಎಂಬ ವಿಧವೆ ಪೊಲೀಸರ ಪರವಾಗಿ ಗುಪ್ತ ಕೆಲಸಕ್ಕೆ ಇಳಿಯುತ್ತಾಳೆ. ಕಾರಣ ಸರಳ: ಗಂಡ ಸತ್ತ, ಕೈಯಲ್ಲಿ ಕಾಸಿಲ್ಲ. ನೂರು ವರ್ಷ ಬಿಟ್ಟು 1966ರಲ್ಲಿ ಡೊರೊಥಿ ಗಿಲ್ಮನ್ ಬರೆದ ಮಿಸೆಸ್ ಪಾಲಿಫ್ಯಾಕ್ಸ್‌ಗೆ ದುಡ್ಡಿನ ತೊಂದರೆಯಿಲ್ಲ, ಮಕ್ಕಳು ದೊಡ್ಡವರಾಗಿದ್ದಾರೆ, ನ್ಯೂಜೆರ್ಸಿಯ ಊರಿನಲ್ಲಿ ಸಂಘ-ಸಂಸ್ಥೆಗಳ ಸೇವೆ ಮಾಡಿಕೊಂಡಿದ್ದಾಳೆ. ಆದರೆ ತಾನು ಯಾರಿಗೂ ಬೇಡ ಎಂಬ ಭಾವ ಬಂದುಬಿಟ್ಟಿದೆ. ಆ ಭಾವದಿಂದ ಎದ್ದು ಸೀದಾ ಸಿಐಎ ಕಚೇರಿಗೆ ಹೋಗಿ ನನಗೆ ಗೂಢಚಾರಿಕೆ ಕೆಲಸ ಕೊಡಿ ಅನ್ನುತ್ತಾಳೆ. ಓದುವಾಗ ನಗು ಬರುತ್ತದೆ, ಜೊತೆಗೆ ಗಂಟಲೂ ಕಟ್ಟುತ್ತದೆ. ಒಬ್ಬಳಿಗೆ ಹಣದ ಅಗತ್ಯ, ಇನ್ನೊಬ್ಬಳಿಗೆ ಬೇಕಾದವಳಾಗುವ ಅಗತ್ಯ. ನಿನ್ನವಳಿಗೆ ಯಾವುದು? ಅದು ತಿಳಿಯದೆ ಆಕೆ ಬೇರೆಯವರ ಮನೆಯ ಹೆಣದ ಬಳಿ ಬಗ್ಗಿ ನೋಡಿದರೆ ಅಧಿಕಪ್ರಸಂಗ ಅನ್ನಿಸುತ್ತದೆ.

ಪೊಲೀಸರನ್ನು ಪೆದ್ದರನ್ನಾಗಿ ಮಾಡಬೇಡ. ಜೆಸಿಕಾಳ ಊರಿನ ಮೊದಲ ಶೆರಿಫ್ ಆಮಸ್ ಟಪ್ಪರ್ ನಿಧಾನಿ, ಆತುರದಲ್ಲಿ ಯಾರನ್ನೋ ಹಿಡಿಯುತ್ತಾನೆ, ಆದರೂ ಹೃದಯವಂತ. ಅವನ ನಂತರ ನ್ಯೂಯಾರ್ಕಿನಿಂದ ಬಂದ ಮಾರ್ಟ್ ಮೆಟ್ಜ್‌ಗರ್ ಇನ್ನೂ ಒಳ್ಳೆಯ ಪಾತ್ರ. ಕೆಲಸ ಬಲ್ಲವನು, ಊರನ್ನು ಮಾತ್ರ ಅರಿಯದವನು. ಆ ಊರಿನ ಅರಿವು ಜೆಸಿಕಾಳಲ್ಲಿದೆ, ಅದಕ್ಕೇ ಅವನಿಗೆ ಅವಳು ಬೇಕು. ಡಾಕ್ಟರ್ ಸೆತ್ ಹ್ಯಾಜ್‌ಲಿಟ್ ಇದ್ದಾನಲ್ಲ, ಸಿಡುಕು ಮೋರೆಯ ಹಳೇ ಗೆಳೆಯ, ಅಂಥವನೊಬ್ಬ ನಿನ್ನ ಕಥೆಗೆ ಬೇಕೇ ಬೇಕು. ಆಕೆಯ ಊಹೆ ತಪ್ಪಾದಾಗ ಮುಖದ ಮೇಲೆ ಹೇಳುವವರು ಒಬ್ಬರಿರಬೇಕು. ಮುಂದೆ 1991ರ ಹೊತ್ತಿಗೆ ಜೆಸಿಕಾಗೆ ನ್ಯೂಯಾರ್ಕಿನಲ್ಲೊಂದು ಮನೆ ಮಾಡಿ ಕಾಲೇಜಿನಲ್ಲಿ ಪಾಠಕ್ಕೆ ಹಚ್ಚಿದರು. ಆ ಕಂತುಗಳು ನನಗೆ ಅಷ್ಟು ಹಿಡಿಸಲಿಲ್ಲ. ಅಲ್ಲಿ ಯಾರೂ ಅವಳನ್ನು ಇಪ್ಪತ್ತು ವರ್ಷದಿಂದ ಬಲ್ಲವರಲ್ಲ. (ತೆರೆಯ ಮೇಲಿನ ಕ್ಯಾಬಟ್ ಕೋವ್ ಕೂಡ ನಿಜದಲ್ಲಿ ದೇಶದ ಇನ್ನೊಂದು ತುದಿಯ, ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಎಂಬ ಊರು. ಹೀಗಿದ್ದೂ ನಾವು ನಂಬಿದೆವು. ಊರನ್ನು ಊರು ಮಾಡುವುದು ಅಲ್ಲಿನ ಜನರ ಬಳಕೆ.)

ನನಗೆ ಈ ಧಾರಾವಾಹಿಯ ಬಗ್ಗೆ ಒಂದು ದೂರೂ ಇದೆ, ನೀನು ಅದನ್ನು ಸರಿಪಡಿಸುತ್ತೀಯ ಎಂಬ ಆಸೆಯಿಂದ ಹೇಳುತ್ತೇನೆ. ಎಷ್ಟೋ ಕಂತುಗಳು ಜೆಸಿಕಾ ನಗುತ್ತಿರುವಂತೆಯೇ ಚಿತ್ರ ನಿಂತು ಮುಗಿಯುತ್ತವೆ. ಸತ್ತವನನ್ನು ಮುಂದಿನ ವಾರ ಯಾರೂ ನೆನೆಯುವುದಿಲ್ಲ. ಅಷ್ಟು ಕೊಲೆಗಳಾದ ಊರಿನಲ್ಲಿ ಸೂತಕದ ಮನೆಯೊಂದು ಕಾಣುವುದೇ ಇಲ್ಲ. ಈ ಬಗೆಯ ಕಥೆಯಲ್ಲಿ ರಕ್ತ ತೋರಿಸುವುದಿಲ್ಲ, ಹಿಂಸೆಯನ್ನು ಬಣ್ಣಿಸುವುದಿಲ್ಲ. ಆ ಸಂಯಮ ನನಗೆ ಇಷ್ಟ. ಆದರೆ ದುಃಖವನ್ನು ಮರೆಮಾಚುವುದು ಬೇರೆ. ನಿನ್ನ ನಾಯಕಿ ಗಂಡನನ್ನು ಕಳೆದುಕೊಂಡವಳು. ಸತ್ತವನ ಹೆಂಡತಿಯ ಮನೆಗೆ ಮೊದಲು ಹೋಗುವವಳು ಆಕೆಯೇ ಆಗಿರಬೇಕು, ಸುಳಿವಿಗಾಗಿ ಅಲ್ಲ, ಪಕ್ಕದಲ್ಲಿ ಕೂರುವುದಕ್ಕೆ. ಆ ಮನೆಯಲ್ಲಿ ಒಲೆ ಹಚ್ಚದ ಹೊತ್ತಿನಲ್ಲಿ ಊಟ ತೆಗೆದುಕೊಂಡು ಹೋಗಬೇಕು. ಸುಳಿವು ಅಲ್ಲಿ ಸಿಕ್ಕರೆ ಸಿಗಲಿ. ಕೊಲೆಗಾರ ಸಿಕ್ಕಿಬಿದ್ದ ಮೇಲೂ ಆಕೆ ಇನ್ನೊಂದು ಸಲ ಆ ಮನೆಗೆ ಹೋಗಲಿ, ಆ ಒಂದು ಪುಟಕ್ಕೆ ಜಿಪುಣತನ ಮಾಡಬೇಡ.

ಇನ್ನು ಕೊಲೆಯ ಕಾರಣ. ಪರದೇಶದ ವಿಷ, ಮುಚ್ಚಿದ ಕೋಣೆ ಇವೆಲ್ಲ ಬುದ್ಧಿಗೆ ಹಬ್ಬ, ಇರಲಿ. ಆದರೆ ಕಾರಣ ಮಾತ್ರ ಆ ಊರಿನ ಮಣ್ಣಿನದಾಗಿರಬೇಕು. ಬದು ಒತ್ತುವರಿ, ಮರಣಶಾಸನದಲ್ಲಿ ಬಿಟ್ಟುಹೋದ ಹೆಸರು, ಮೂವತ್ತು ವರ್ಷದ ಹಿಂದೆ ಹೇಳಿದ ಒಂದು ಸುಳ್ಳು. ನಿನ್ನ ಕೊಲೆಗಾರ ಹೊರಗಿನಿಂದ ಬಂದ ವ್ಯಾಪಾರಿ ಎಂದು ಮಾಡಿದ್ದೀಯ, ಅದನ್ನು ಬದಲಿಸು. ಆಕೆ ದಿನಾ ಮಾತಾಡಿಸುವ ಒಬ್ಬರೇ ಆಗಿರಲಿ. ಆಗ ಸತ್ಯ ಗೊತ್ತಾದ ಹೊತ್ತಿನಲ್ಲಿ ಆಕೆಗೆ ಏನೋ ಒಂದು ನಷ್ಟವೂ ಆಗುತ್ತದೆ.

ಸುಳಿವುಗಳನ್ನು ಓದುಗರ ಮುಂದೆ ಇಟ್ಟೇ ಆಟವಾಡು. ಆಕೆ ಕಂಡದ್ದೆಲ್ಲ ನಮಗೂ ಕಾಣಬೇಕು. ಕೊನೆಯ ಪುಟದಲ್ಲಿ ಚೀಲದಿಂದ ಹೊಸ ಕಾಗದ ತೆಗೆದರೆ ನಾನು ಕ್ಷಮಿಸುವುದಿಲ್ಲ. ಮೊದಲ ಕೆಲವು ಅಧ್ಯಾಯ ಬರೆದು ಕಳಿಸು. ಕೊಲೆಗಾರ ಯಾರೆಂಬುದನ್ನು ಹೇಗೂ ಬದಲಿಸುತ್ತೀಯಲ್ಲ, ಹೊಸಬನ ಹೆಸರನ್ನು ನನಗೂ ಹೇಳಬೇಡ, ನಿಮ್ಮಮ್ಮನಿಗೂ ಹೇಳಬೇಡ, ಅವಳ ಬಾಯಲ್ಲಿ ನಿಲ್ಲುವುದಿಲ್ಲ. ನಾನು ಓದಿ, ಅನುಮಾನ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ ಹಿಂದಕ್ಕೆ ಕಳಿಸುತ್ತೇನೆ.

ನಿನ್ನ ದೊಡ್ಡಮ್ಮ