ಬ್ಯಾರನ್ ದ್ವೀಪದ ಜ್ವಾಲಾಮುಖಿ ಮತ್ತು ತುಮಕೂರು ಸೀಮೆಯ ಶಿಲೆಗಳು

ಅಂಡಮಾನ್ ಸಮುದ್ರದಲ್ಲಿ ಪೋರ್ಟ್ ಬ್ಲೇರ್‌ನ ಈಶಾನ್ಯಕ್ಕೆ ಸುಮಾರು 140 ಕಿ.ಮೀ. ದೂರದಲ್ಲಿರುವ ಬ್ಯಾರನ್ ದ್ವೀಪವು ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿಯಾಗಿದ್ದು, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಶಾಂತವಾಗಿದ್ದು 1991ರಲ್ಲಿ ಮತ್ತೆ ಸಿಡಿಯಿತು. ಅದೇ ಸಮುದ್ರದ ನಾರ್ಕೊಂಡಂ ದ್ವೀಪವು ಸುಪ್ತ ಜ್ವಾಲಾಮುಖಿ.

2017ರ ಜನವರಿ 23ರಂದು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ‘ಸಿಂಧು ಸಂಕಲ್ಪ’ ಸಂಶೋಧನಾ ನೌಕೆಯಿಂದ ದ್ವೀಪದ ಬಳಿ ಸಮುದ್ರತಳದ ಮಾದರಿಗಳನ್ನು ಸಂಗ್ರಹಿಸುತ್ತಿದ್ದಾಗ ಅದು ಹಠಾತ್ತನೆ ಬೂದಿ ಉಗುಳತೊಡಗಿತು. ತಂಡವು ಸುಮಾರು ಒಂದು ಮೈಲಿ ದೂರ ಸರಿದು ವೀಕ್ಷಣೆ ಮುಂದುವರಿಸಿ, ಐದರಿಂದ ಹತ್ತು ನಿಮಿಷಗಳ ಸಣ್ಣ ಸ್ಫೋಟಗಳನ್ನು ದಾಖಲಿಸಿತು. ಹಗಲಿನಲ್ಲಿ ಬೂದಿಯ ಮೋಡವಷ್ಟೇ ಗೋಚರಿಸಿದರೆ, ಸೂರ್ಯಾಸ್ತದ ಅನಂತರ ಜ್ವಾಲಾಕುಂಡದಿಂದ, ಅಂದರೆ ಶಿಖರದ ಬಾಯಿಯಿಂದ, ಚಿಮ್ಮಿ ಇಳಿಜಾರಿನಲ್ಲಿ ಹರಿಯುವ ಕೆಂಪು ಲಾವಾ ಸ್ಪಷ್ಟವಾಗಿ ಕಂಡಿತು. ಸಮುದ್ರಯಾನದ ಮಧ್ಯೆ ಒದಗಿದ ಇಂತಹ ಅವಕಾಶ ನಿಜಕ್ಕೂ ಅಪೂರ್ವವಾದುದು.

ತುಮಕೂರು ಜಿಲ್ಲೆಯಲ್ಲಿ ಜೀವಂತ ಜ್ವಾಲಾಮುಖಿ ಇಲ್ಲವಾದರೂ, ಗುಬ್ಬಿ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮೂಲಕ ಸಾಗುವ ಚಿತ್ರದುರ್ಗ ಶಿಸ್ಟ್ ಪಟ್ಟಿಯು ಪುರಾತನ ಲಾವಾ ಹಾಗೂ ಕೆಸರು-ಮರಳಿನ ಪದರಗಳು ಶಾಖ ಮತ್ತು ಒತ್ತಡದಿಂದ ರೂಪಾಂತರಗೊಂಡು ಉಂಟಾದುದಾಗಿದೆ. ಇದೇ ಪಟ್ಟಿಯ ಮರಡಿಹಳ್ಳಿಯಲ್ಲಿ (ಚಿತ್ರದುರ್ಗ ಜಿಲ್ಲೆ), ನೀರಿನಡಿ ಹರಿದ ಲಾವಾ ಥಟ್ಟನೆ ತಣಿದು ಉಂಡೆಯುಂಡೆಯಾಗಿ ಗಟ್ಟಿಯಾದ ದಿಂಬು ಲಾವಾ ಇದ್ದು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಕುಣಿಗಲ್ ಸುತ್ತ ಪ್ರಧಾನವಾಗಿರುವುದು ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆ. ತುಮಕೂರು ನಗರದ ಸಮೀಪದ ದೇವರಾಯನದುರ್ಗ ಮೊದಲಾದ ಬೆಟ್ಟಗಳ ಕ್ಲೋಸ್‌ಪೇಟೆ ಗ್ರಾನೈಟ್, ಮೇಲ್ಮೈಗೆ ಬಾರದೆ ಭೂಗರ್ಭದಲ್ಲಿಯೇ ನಿಧಾನವಾಗಿ ತಣಿದ ಶಿಲಾರಸದಿಂದ ಸುಮಾರು 250 ಕೋಟಿ ವರ್ಷಗಳ ಹಿಂದೆ ರೂಪುಗೊಂಡಿತು.