ನೀಲಿ ಕೋಳಿಗೆ ಮೂರು ಬಣ್ಣದ ಮರಿ ಯಾಕೆ?



ಚೀನಾ ಮೂಲದ ಸಿಲ್ಕಿ ಕೋಳಿಯಲ್ಲಿ ನೀಲಿ ಅಂತ ಕರೆಯೋದು ಬೂದು ಬಣ್ಣವನ್ನು. ಹುಂಜ, ಹೇಂಟೆ ಎರಡೂ ನೀಲಿ ಇದ್ದರೂ ಮರಿಗಳೆಲ್ಲ ನೀಲಿ ಆಗುವುದಿಲ್ಲ.

ಕಪ್ಪನ್ನು ತಿಳಿ ಮಾಡುವ ಗುಣವೊಂದಿದೆ. ಅದು ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಬಂದರೆ ಮರಿ ನೀಲಿ. ಇಬ್ಬರಿಂದಲೂ ಬಂದರೆ ಬೆಳ್ಳಗಿದ್ದು ಅಲ್ಲಲ್ಲಿ ಬೂದು ಚುಕ್ಕೆ. ಯಾರಿಂದಲೂ ಬಾರದಿದ್ದರೆ ಕಪ್ಪು. ಸರಾಸರಿ 100 ಮರಿಗಳಲ್ಲಿ 50 ನೀಲಿ, 25 ಕಪ್ಪು, 25 ಚುಕ್ಕೆ.

ಹೀಗಿರುವಾಗ "ಎಲ್ಲಾ ನೀಲಿ ಮರೀನೇ ಕೊಡ್ತೀವಿ" ಅಂತ ನಾವು ಮುಂಗಡ ತಗೊಂಡರೆ ಮಾತು ತಪ್ಪಿದಂತಾಗುತ್ತದೆ. ಚುಕ್ಕೆ ಮರಿಯನ್ನು ಅಗ್ಗಕ್ಕೆ ಮಾರುವುದೂ ಬೇಡ. ಅದನ್ನು ಬೆಳೆಸಿ ಕಪ್ಪು ಸಿಲ್ಕಿಯ ಜೊತೆ ಬಿಟ್ಟರೆ ಮರಿಗಳೆಲ್ಲ ನೀಲಿಯೇ! ಅಚ್ಚ ಬಿಳಿ ಕೋಳಿ ಮಾತ್ರ ಬೇರೆ. ಅದರಿಂದ ಈ ಲೆಕ್ಕ ಕೂಡುವುದಿಲ್ಲ.

ಸಭೆಯಲ್ಲಿ ಚರ್ಚಿಸೋಣ: ನೀಲಿ ಮರಿಯೇ ಬೇಕಾದರೆ ನಾವು ಯಾವ ಜೋಡಿ ಸಾಕಬೇಕು?