ಸ್ವಭಾವ ಪರೀಕ್ಷೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಕಳೆದ ಮಳೆಗಾಲಕ್ಕೆ ಮುಂಚೆ ಮೇಸ್ತ್ರಿಗಳಿಗೂ ರೈಟರುಗಳಿಗೂ ನಡೆದ ಒಂದು ತರಬೇತಿ ಶಿಬಿರದಲ್ಲಿ ನಾವೂ ಕುಳಿತಿದ್ದೆವು. ಕೊಳೆರೋಗದ ಔಷಧಿ ತಯಾರಿಸುವುದನ್ನು ಹೇಳಿಕೊಡಬೇಕಾಗಿದ್ದ ಬೆಳಗಿನ ಹೊತ್ತೆಲ್ಲ ಒಂದು ಪ್ರಶ್ನಾವಳಿ ತುಂಬುವುದರಲ್ಲೇ ಕಳೆಯಿತು. ಕೊನೆಗೆ ಪ್ರತಿಯೊಬ್ಬರಿಗೂ ನಾಲ್ಕಕ್ಷರದ ಒಂದು ಗುರುತು ಸಿಕ್ಕಿತು. ಹದಿನೈದು ವರ್ಷದಿಂದ ಆಳುಗಳನ್ನು ಸುಸೂತ್ರವಾಗಿ ನಡೆಸಿಕೊಂಡು ಬಂದ, ಮಾತು ಕಡಿಮೆಯ ಮೇಸ್ತ್ರಿಯೊಬ್ಬರು 'ಅಂತರ್ಮುಖಿ' ಎಂದಾಯಿತು. ಅವರನ್ನು ಆ ಕೆಲಸದಲ್ಲಿ ಮುಂದುವರಿಸಬಹುದೇ ಎಂದು ತೋಟದ ಯಜಮಾನರು ಸಂಜೆ ನಮ್ಮನ್ನು ಕೇಳಿದರು. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

ನಾಲ್ಕಕ್ಷರದ ಈ ಪರೀಕ್ಷೆಗೆ ಮೈಯರ್ಸ್-ಬ್ರಿಗ್ಸ್ ಎಂದು ಹೆಸರು. ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಗ್ರಂಥವನ್ನು ಆಧರಿಸಿ ಅಮೆರಿಕದ ತಾಯಿ-ಮಗಳು ಇದನ್ನು ರಚಿಸಿದರು. ಇಬ್ಬರೂ ಮನಶ್ಶಾಸ್ತ್ರವನ್ನು ಕ್ರಮವಾಗಿ ಕಲಿತವರಲ್ಲ. ಅದೇನೂ ದೊಡ್ಡ ತಪ್ಪಲ್ಲ. ನಮ್ಮಲ್ಲಿ ಕಾಲೇಜು ಕಾಣದೆ ತೋಟ ಕಟ್ಟಿದವರು ಎಷ್ಟೋ ಮಂದಿ. ತೊಡಕು ಇರುವುದು ಫಲಿತಾಂಶದಲ್ಲಿ. ಕೆಲವು ವಾರ ಬಿಟ್ಟು ಅದೇ ಜನರಿಗೆ ಮತ್ತೆ ಕೊಟ್ಟಾಗ ಸುಮಾರು ಅರ್ಧದಷ್ಟು ಮಂದಿಯ ಗುರುತು ಬದಲಾದ ಅಧ್ಯಯನಗಳಿವೆ. ಬೆಳಿಗ್ಗೆ ಒಂದು, ಸಂಜೆ ಒಂದು ತೂಕ ತೋರಿಸುವ ತಕ್ಕಡಿಯಲ್ಲಿ ಯಾರಾದರೂ ಅಡಿಕೆ ತೂಗಿಸುತ್ತಾರೆಯೇ? ಆಳುಗಳನ್ನು ಆರಿಸಿಕೊಳ್ಳಲು ಇದನ್ನು ಬಳಸಬಾರದೆಂದು ಪರೀಕ್ಷೆಯನ್ನು ಹೊರತರುವ ಸಂಸ್ಥೆಯೇ ಹೇಳುತ್ತದೆ.

ಆದರೂ ಗುರುತು ಕೇಳಿದವರು 'ನನ್ನ ವಿಷಯ ಸರಿಯಾಗಿ ಬಂದಿದೆ' ಎನ್ನುವುದೇಕೆ? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಅಧ್ಯಾಪಕರು 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ ಅವರವರ ಸ್ವಭಾವದ ವರ್ಣನೆ ಎಂದು ಒಂದೊಂದು ಹಾಳೆ ಹಂಚಿದರು. ಎಷ್ಟು ಸರಿ ಎಂದು ಕೇಳಿದಾಗ ವಿದ್ಯಾರ್ಥಿಗಳು 5ಕ್ಕೆ ಸರಾಸರಿ 4ಕ್ಕೂ ಹೆಚ್ಚು ಅಂಕ ಕೊಟ್ಟರು. ವಾಸ್ತವವಾಗಿ ಎಲ್ಲ ಹಾಳೆಗಳಲ್ಲೂ ಇದ್ದುದು ಒಂದೇ ಬರಹ. ಅದರ ಬಹುಭಾಗ ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು!

ಅದೇ ಶಿಬಿರದಲ್ಲಿ ಇನ್ನೊಂದು ಮಾತೂ ಬಂತು. ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಅವರವರ ಬಗೆಗೆ ತಕ್ಕಂತೆ ಕಲಿಸಬೇಕು ಎಂದು. ಕೇಳಲು ಸೊಗಸಾಗಿದೆ. ಆದರೆ ಹೊಸ ಗೊಬ್ಬರ ಬಂದರೆ ನಾವು ನಾಲ್ಕು ಸಾಲಿಗೆ ಹಾಕಿ, ಪಕ್ಕದ ನಾಲ್ಕು ಸಾಲಿಗೆ ಹಾಕದೆ ಬಿಟ್ಟು ಇಳುವರಿ ತೂಗಿ ನೋಡುವುದಿಲ್ಲವೇ? ಇಲ್ಲೂ ಹಾಗೆಯೇ ನೋಡಬೇಕು. 'ನೋಡುವವರಲ್ಲಿ' ಅರ್ಧ ಜನಕ್ಕೆ ತೋರಿಸಿ, ಅರ್ಧ ಜನಕ್ಕೆ ಹೇಳಿ. 'ಕೇಳುವವರಿಗೂ' ಅದೇ ರೀತಿ ಮಾಡಿ. ಆಮೇಲೆ ಕಲಿತದ್ದನ್ನು ಹೋಲಿಸಬೇಕು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನಶ್ಶಾಸ್ತ್ರಜ್ಞರು ಇಂಥ ಪುರಾವೆಗಾಗಿ ಹುಡುಕಿ, ಈ ಮತವನ್ನು ಒಪ್ಪುವಷ್ಟು ಪುರಾವೆ ಇಲ್ಲವೆಂದು ಬರೆದರು.

ಹಾಗಾದರೆ ತರಬೇತಿಯೇ ಬೇಡವೆಂದು ನಾವು ಹೇಳುತ್ತಿಲ್ಲ. ಪರೀಕ್ಷಿಸಿ ನೋಡಿದ ಕ್ರಮಗಳೂ ಇವೆ. 2006ರಲ್ಲಿ ರೋಡಿಗರ್, ಕಾರ್ಪಿಕಿ ಎಂಬ ಅಮೆರಿಕದ ಇಬ್ಬರು ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಪಾಠವನ್ನು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಪುಸ್ತಕ ಮುಚ್ಚಿ ನೆನಪಿದ್ದುದನ್ನು ಬರೆದರು. ವಾರದ ಮೇಲೆ ಮೊದಲಿನವರಿಗೆ ನೂರಕ್ಕೆ 42ರಷ್ಟು, ನೆನೆದು ಬರೆದವರಿಗೆ 56ರಷ್ಟು ಉಳಿದಿತ್ತು.

ಬೋರ್ಡೋ ದ್ರಾವಣ ಕಲಿಸುವಾಗಲೂ ಇದನ್ನು ಅನುಸರಿಸಿ ನೋಡಬಹುದು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, 1 ಕಿಲೋ ಸುಟ್ಟ ಸುಣ್ಣ ಬೇರೆ 50 ಲೀಟರ್ ನೀರಿಗೆ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು. ಇದನ್ನು ಒಮ್ಮೆ ಮಾಡಿ ತೋರಿಸಿ, ವಾರ ಬಿಟ್ಟು, ಏನನ್ನೂ ಹೇಳಿಕೊಡದೆ ಆಳಿನ ಕೈಯಲ್ಲೇ ಮಾಡಿಸಿರಿ. ಹೊಳಪಿನ ಕಬ್ಬಿಣದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿರಿ. ಅಲಗಿನ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕು. ಆ ಮೇಸ್ತ್ರಿಯವರು ಮಧ್ಯಾಹ್ನ ಮಾಡಿದ ದ್ರಾವಣದಲ್ಲಿ ಚಾಕು ಬೆಳ್ಳಗೇ ಉಳಿಯಿತು. ಅವರನ್ನು ಬದಲಾಯಿಸಬೇಡಿರೆಂದು ಯಜಮಾನರಿಗೆ ತಿಳಿಸಿದೆವು.